ಆರೂವರೆ ಅಡಿ

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಲ್ಲಿ ದಸ್ತಗೀರ್ ಸಾಬರ ಶೆಡ್ಡು.
ಹನ್ನೊಂದು ವರ್ಷ ಹಡಗಿನಲ್ಲಿ ಫಿಟ್ಟರು;
ಈಗ ಗೇಟು, ಗ್ರಿಲ್ಲು, ಮಂಚ.

ವಿನೋಬನಗರದ ಪೀಜಿ ಮಾಲೀಕ ಬಂದ, ಕೈಯಲ್ಲಿ ಚೀಟಿ:
'ರೂಮಿಗೆ ಎಂಟು. ಒಂದರ ಮೇಲೊಂದು. ಐದೂವರೆ ಅಡಿ ಸಾಕು,
ಹುಡುಗರು ತಾನೆ, ಮುದುರಿಕೊಳ್ತಾರೆ.'

ಸಾಬರು ಟೇಪು ಎಳೆದರು. ಬಿಟ್ಟರು. ಸರ್ರನೆ ಒಳಗೆ ಹೋಯಿತು.
'ಆರೂವರೆ. ಒಂದಿಂಚು ಕಮ್ಮಿ ಮಾಡಲ್ಲ.'

ನನಗೆ ಗೊತ್ತು ಆ ಆರೂವರೆ ಎಲ್ಲಿಯದೆಂದು.
ನೀರಿನ ಮಟ್ಟಕ್ಕಿಂತ ಕೆಳಗೆ, ಇಂಜಿನ್ನಿನ ಮಗ್ಗುಲ ಕೋಣೆ;
ನಲ್ಲಿ ತಿರುಗಿಸಿದರೆ ತುಕ್ಕಿನ ನೀರು,
ದಿಂಬಿನಡಿ ಜಿರಲೆ, ಏಸಿ ಕೆಟ್ಟು ನಲವತ್ತು ದಿನ.
ಹಗಲು ಪಾಳಿಯವನು ಬಿಟ್ಟೆದ್ದ ಬಿಸಿಯಲ್ಲೇ
ಇವರು ಮಲಗಬೇಕು, ಮೊಣಕಾಲು ಹೊಟ್ಟೆಗೆ ಒತ್ತಿ.

ಯಾವುದೋ ಬಂದರಿನಲ್ಲಿ ಒಬ್ಬಳು ಹತ್ತಿ ಬಂದಳಂತೆ,
ತಲೆಗೆ ಹೆಲ್ಮೆಟ್ಟು, ಕಂಕುಳಲ್ಲಿ ಕಡತ.
ಮಲಗು ಎಂದು ಸನ್ನೆ ಮಾಡಿದಳು. ಮಲಗಿದರು.
ಅಂಗಾಲಿನಿಂದ ನೆತ್ತಿಗೆ ಟೇಪು ಹಿಡಿದಳು,
ಬರೆದುಕೊಂಡಳು.
ಹಡಗು ಮೂರು ದಿನ ಅಲ್ಲೇ ನಿಂತಿತು.

'ಸತ್ತಮೇಲೆ ಎಲ್ಲರಿಗೂ ಅಳತೆ ಹಿಡೀತಾರೆ ಕಣೋ ಹುಚ್ರಾಯ,
ನಿದ್ದೆಗೆ ಹಿಡಿದೋಳು ಅವಳೊಬ್ಬಳೇ.'

ಮಾಲೀಕ ಪಕ್ಕದ ಸಾಲಿಗೆ ಹೋದ. ಅಲ್ಲಿ ಐದೂವರೆ ಸಿಗುತ್ತದೆ.
ಸಾಬರು ಆದರೂ ಒಂದು ಮಂಚ ಮಾಡಿದರು,
ಯಾರಿಗೆ ಅಂತ ಹೇಳಲಿಲ್ಲ.
ರೆಡಾಕ್ಸೈಡು ಬಳಿದು ಬಾಗಿಲ ಬಿಸಿಲಿಗೆ ಇಟ್ಟರು.

ಮಧ್ಯಾಹ್ನ ಕರೆಂಟು ಹೋಯಿತು.
ಕಾಲು ನೀಡಿದೆ. ಇನ್ನೂ ನೀಡಿದೆ.
ಹಿಮ್ಮಡಿಯಾಚೆ ನಾಲ್ಕು ಬೆರಳು ಖಾಲಿ ಜಾಗ,
ಅದನ್ನೇನು ಮಾಡಬೇಕೋ ತಿಳಿಯದೆ
ಸುಮ್ಮನೆ ಹೆಬ್ಬೆರಳು ಆಡಿಸಿದೆ.

ಎದ್ದಾಗ ಬೆನ್ನಿಡೀ ಕೆಂಪು ಪಟ್ಟೆ.
ಬಣ್ಣ ಒಣಗಿರಲಿಲ್ಲ.
ಸಾಬರು ಬೈದರು, ಅಂಗಿಗಲ್ಲ, ಮಂಚಕ್ಕೆ.