ಕೊಸರು

ಮಂಡಿಪೇಟೆಯ ಒಣಮೆಣಸಿನ ಘಾಟು
ಮೆಟ್ಟಿಲೇರಿ ನಮ್ಮ ಆಫೀಸಿಗೂ ಬರುತ್ತದೆ.
ಬಂದವರೆಲ್ಲ ಮೊದಲು ಸೀನುತ್ತಾರೆ,
ಆಮೇಲೆ ಆದಾಯ ಹೇಳುತ್ತಾರೆ.

ಮುಬೀನಾ ಸೀನಲಿಲ್ಲ.
ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದ ಮೂಗು.
ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು, ಹದಿನೆಂಟು ದಿನದ ರಜೆ,
ಅದರಲ್ಲಿ ಹನ್ನೊಂದು ಮುಗಿದಿವೆ.
ಹಾಲೇಶಣ್ಣ, ಒಂದು ಕೇಳಲಾ, ಅಂದಳು
ಸಾಹೇಬರು ಹರಿಹರಕ್ಕೆ ಹೋದದ್ದು ಖಾತ್ರಿ ಮಾಡಿಕೊಂಡು.

ಚೀಲದಿಂದ ಪುಸ್ತಕ ತೆಗೆದಳು,
ಹಾಲಿನ ಲೆಕ್ಕದ ಪುಸ್ತಕದಷ್ಟೇ ಗಾತ್ರ.
ಪುಟಪುಟಕ್ಕೂ ಶನಿವಾರ.
ಮದುಮಗಳು, ಮೊಣಕೈವರೆಗೆ, ನೂರಿಪ್ಪತ್ತು ಯೂರೋ.
ತಂಗಿಯರು ಮೂವರು, ಅಂಗೈ ಮಾತ್ರ, ನಲವತ್ತೈದು.
ಡಾಕ್ಟರ ಹೆಂಡತಿ, ದುಡ್ಡು ಬೇಡ ಅಂದೆ, ಬಿರಿಯಾನಿ ಕೊಟ್ಟರು.
ಬಿರಿಯಾನಿಯ ಮುಂದೂ ಗೆರೆ ಎಳೆದು
ಸೊನ್ನೆ ಬರೆದಿದ್ದಳು.

ಮದರಂಗಿ.
ಡ್ಯೂಟಿ ಮುಗಿದ ಮೇಲೆ, ಕಾಲು ಊದಿಕೊಂಡ ಮೇಲೆ.
ವೀಸಾದ ಕಾಗದದಲ್ಲಿ ಇರುವುದು ಒಬ್ಬನೇ ಮಾಲೀಕ, ಆಸ್ಪತ್ರೆ.
ಈ ಶನಿವಾರಗಳು ಯಾರ ಮನೆಯವು?

"ತೆರಿಗೆ ಕಟ್ಟಿಬಿಡಾನ ಅನ್ನಸ್ತತಿ.
ಕಟ್ಟಾಕೆ ಹೋದರೆ, ಈ ಕೆಲಸ ಯಾರನ್ನ ಕೇಳಿ ಮಾಡಿದೆ ಅಂತಾರೆ.
ಅಲ್ಲಿ ಕೇಳಿದರೆ ಕೇಳಿದ್ದೇ ದಾಖಲೆ ಆಗ್ತತಿ.
ಅದಕ್ಕೇ ಇಲ್ಲಿ ಕೇಳಾಕತ್ತೀನಿ."

ಇಪ್ಪತ್ತೆರಡು ವರ್ಷ ಇದೇ ಕುರ್ಚಿ.
ತಪ್ಪಿಸೋದು ಹೇಗೆ ಅಂದವರಿಗೆ ಉತ್ತರ ಬಾಯಿಪಾಠ.
ಕಟ್ಟೋದು ಹೇಗೆ ಅಂದವಳ ಮುಂದೆ
ಫ್ಯಾನಿನ ಕಡೆ ನೋಡಿದೆ. ಕರೆಂಟು ಹೋಗಿತ್ತು.

ಅಲ್ಲಿಯದು ಅಲ್ಲೇ ಇರಲಿ ಬಿಡು ತಂಗಿ, ಅಂದೆ.
ನಗದಿಗೆ ಬಾಯಿಲ್ಲ.
ಮದರಂಗಿ ಹದಿನೈದು ದಿನಕ್ಕೆ ಅಳಿಸಿಹೋಗುತ್ತೆ,
ಸಾಕ್ಷಿ ಎಲ್ಲಿ?

ಅವಳು ಬೆರಳುಗಳನ್ನು ಮೇಜಿನ ಮೇಲಿಟ್ಟಳು.
ಚರ್ಮ ಬಣ್ಣ ಬಿಟ್ಟಿತ್ತು.
ಉಗುರು ಬಿಟ್ಟಿರಲಿಲ್ಲ.

"ಅಪ್ಪ ಗೊತ್ತಲ್ಲ ನಿಮಗೆ."
ಗೊತ್ತು, ಬುಡೇನ್ ಸಾಬರು.
ಸೇರಿನಲ್ಲಿ ಮಂಡಕ್ಕಿ ಅಳೆದು, ತಲೆ ಸವರಿ, ಚೀಲಕ್ಕೆ ಸುರಿದು
ಆಮೇಲೆ ಎರಡು ಮುಷ್ಟಿ ಕೊಸರು.
ಅದನ್ನು ಮಾತ್ರ ಕೈ ಎತ್ತಿ ಹಾಕುತ್ತಿದ್ದರು,
ರಸ್ತೆಯಾಚೆ ನಿಂತವನಿಗೂ ಕಾಣುವ ಹಾಗೆ.
"ಅಳತೆ ಎಷ್ಟು ಅಂತ ಸೇರೇ ಹೇಳ್ತತಿ,
ಕೊಸರಿನ ಪರವಾಗಿ ಯಾರು ಹೇಳಬೇಕು?
ಅದನ್ನ ಬೆಳಕಿಗೆ ಹಿಡೀಬೇಕು, ಅನ್ನೋರು.
ನಂದೂ ಕೊಸರೇ ಅಲ್ಲೇನಣ್ಣ?"

ಅವರದು ಕೊಟ್ಟ ಕೊಸರು, ನಿನ್ನದು ಪಡೆದದ್ದು
ಎನ್ನಬೇಕೆಂದಿದ್ದೆ.
ಮಾತು ಗಂಟಲಿಗೆ ಬರುವಷ್ಟರಲ್ಲಿ
ಕೆಳಗೆ ಹಮಾಲರು ಮೂಟೆ ಕೆಡವಿದರು.
ಈ ಸಲ ಸೀನಿದ್ದು ನಾನು.

ಹಾಳೆ ಹರಿದು ಬರೆದುಕೊಟ್ಟೆ.
ಮೊದಲು ಅಲ್ಲಿಯ ವಕೀಲರು, ಆಮೇಲೆ ತೆರಿಗೆ,
ಅಲ್ಲಿವರೆಗೆ ಒಂದು ಶನಿವಾರವೂ ಬೇಡ.
ಓದಿದಳು, ಮಡಿಚಿದಳು, ಮತ್ತೆ ಬಿಚ್ಚಿದಳು.
"ಬರೋ ತಿಂಗಳು ಮೂರು ಮದುವಿ ಒಪ್ಪಿಕೊಂಡೀನಿ."
ಒಪ್ಪಿಕೊಂಡದ್ದಕ್ಕೆ ನಮ್ಮಲ್ಲಿ ನಮೂನೆ ಇಲ್ಲ.

ಎಷ್ಟು ಕೊಡಲಿ ಅಂದಳು.
ಇನ್ನೂರು, ಅಂದೆ, ಅಭ್ಯಾಸಬಲ.
ಸಾಹೇಬರಿಲ್ಲದಾಗ ಬಂದದ್ದು ನನ್ನ ಖಾನೆಗೆ,
ಬೀಗದ ಕೈ ಜನಿವಾರದ ಹಾಗೆ ಮೈಮೇಲೇ ಇರುತ್ತದೆ.
ಕೊಟ್ಟಳು. ಏಳಲಿಲ್ಲ.
"ರಸೀದಿ?"

ಕಪಾಟಿನ ತಳದಲ್ಲಿ, ಹಳೆಯ ಕ್ಯಾಲೆಂಡರುಗಳ ಅಡಿ ಸಿಕ್ಕಿತು.
ಕಾರ್ಬನ್ ಒಣಗಿತ್ತು.
ಎರಡೆರಡು ಸಲ ಒತ್ತಿ ಬರೆದೆ, ತಾರೀಖು, ಇನ್ನೂರು, ನನ್ನ ಹೆಸರು.
ಮೇಲಿನದು ಅವಳು ಒಯ್ದಳು.
ನನಗುಳಿದ ಹಾಳೆಯಲ್ಲಿ ಮಸಿ ಮೂಡಿಲ್ಲ,
ಒತ್ತಿದ ಗುರುತಷ್ಟೇ.

ಕಿಟಕಿಗೆ ಹಿಡಿದರೆ ಓದಬಹುದು.