ಏಳುನೂರು ಡಿಗ್ರಿಯ ಬಣ್ಣ

ಕುಲುಮೆಯ ಸುರುಳಿ ಸುಟ್ಟು ಹನ್ನೊಂದು ದಿನ.
ಕಂಪನಿಯವರ ಅಂದಾಜು ಪಟ್ಟಿ
ಕಚೇರಿಯ ಟ್ರೇಯಲ್ಲಿ ಮಲಗಿತ್ತು.
ಆಗ ಭದ್ರಾವತಿಯಲ್ಲಿ ಬಸ್ಸು ಹತ್ತಿ
ಶಂಕರಘಟ್ಟಕ್ಕೆ ಬಂದಿಳಿದರು ಅಂತೋಣಪ್ಪ,
ಮೂವತ್ತೊಂದು ವರ್ಷ ಉಕ್ಕು ಕಾಯಿಸಿ ತಣಿಸಿದವರು.
ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ,
ಕೆಳಗಿನದರಲ್ಲಿ ಕಾಂತಾಲ್ ತಂತಿ.

‘ಏನು ಸುಡ್ತೀರಮ್ಮ ಇದ್ರಲ್ಲಿ?’
ಚಿಮುಟದ ತುದಿಯಲ್ಲಿ ಹಿಡಿದು ತೋರಿಸಿದೆ:
ಗ್ಯಾಲಿಯಂ ನೈಟ್ರೈಡ್, ಕಿರುಬೆರಳ ಉಗುರಿನಷ್ಟು,
ಒಳಗೆ ಚೂರು ಮೆಗ್ನೀಸಿಯಂ.
ಕನ್ನಡಕ ಹಣೆಗೇರಿಸಿ ನೋಡಿದರು.
‘ಇದಕ್ಕಾ ಇಷ್ಟು ದೊಡ್ಡ ಒಲೆ!’

ಹೇಗೆ ಹೇಳಲಿ?
ಗ್ಯಾಲಿಯಮ್ಮಿನ ಜಾಗದಲ್ಲಿ ಮೆಗ್ನೀಸಿಯಂ ಕೂತಿದೆ,
ಬರುವಾಗ ಒಂದು ಎಲೆಕ್ಟ್ರಾನು ಕಮ್ಮಿ ತಂದಿದೆ.
ಆ ಕಮ್ಮಿಯೇ ನಮಗೆ ಬೇಕಾದದ್ದು.
ಊಟದ ಪಂಕ್ತಿಯಲ್ಲಿ ಒಂದು ಮಣೆ ಖಾಲಿ ಬಿದ್ದರೆ
ಪಕ್ಕದವರು ಸರಿಯುತ್ತಾರೆ, ಅವರ ಪಕ್ಕದವರೂ;
ಖಾಲಿಯೇ ಎದ್ದು ನಡೆಯುತ್ತದೆ ಸಾಲಿನುದ್ದಕ್ಕೂ.
ಅದೇ ನಮ್ಮ ಕರೆಂಟು.
ಆದರೆ ಹರಳು ಬೆಳೆಯುವಾಗಲೇ ಒಳಹೊಕ್ಕ ಹೈಡ್ರೋಜನ್
ತನ್ನಲ್ಲಿದ್ದ ಒಂದೇ ಎಲೆಕ್ಟ್ರಾನನ್ನು ಆ ಖಾಲಿಗೆ ಕೊಟ್ಟು
ಪಕ್ಕದ ಸಾರಜನಕದ ಹೆಗಲಿಗೆ ಒರಗಿ ಕೂತುಬಿಟ್ಟಿದೆ.
ಪಂಕ್ತಿ ಭರ್ತಿ. ಯಾರೂ ಅಲುಗುವುದಿಲ್ಲ.

ತಂತಿ ಸುತ್ತುತ್ತಿದ್ದ ಕೈ ನಿಂತಿತು.
‘ಹೈಡ್ರೋಜನ್ನಾ? ಅವನನ್ನ ನಾನು ಬಲ್ಲೆ.
ಬಡಿದು ಇಟ್ಟ ಗಟ್ಟಿ, ಕನ್ನಡಿ ಹಾಗೆ ಇರ್ತಿತ್ತು.
ಎರಡು ದಿನ ಬಿಟ್ಟು, ರಾತ್ರಿ ಪಾಳಿಲಿ, ಟಪ್ ಅಂತ ಸದ್ದು.
ಕುಯ್ದು ನೋಡಿದ್ರೆ ಒಳಗೆ ಕೂದಲೆಳೆ ಬಿರುಕು.
ಆಮೇಲೆ ಗುಂಡಿಲಿಟ್ಟು ಬೂದಿ ಮುಚ್ಚೋಕೆ ಶುರು ಮಾಡಿದ್ವಿ,
ಮೂರು ದಿನ, ಬಾಣಂತಿ ಥರ ಬೆಚ್ಚಗೆ.
ಹೊಡೆದ್ರೆ ಹೋಗಲ್ಲ ಅವನು.
ಬಿಸಿ ಕೊಟ್ಟು ಕಾಯ್ಬೇಕು.’

ನಮ್ಮಲ್ಲಿ ಬಿರುಕಿಲ್ಲ, ಬರೀ ಮೂಕತನ ಎಂದೆ.
ಮತ್ತೆ, ಯಾಕೋ, ಇದನ್ನೂ ಹೇಳಿದೆ:
ಅದು ಜೊತೆಗೆ ಬಾರದಿದ್ದರೆ
ಮೆಗ್ನೀಸಿಯಂ ಇಷ್ಟು ಸಲೀಸಾಗಿ ಒಳಗೆ ಸೇರುತ್ತಲೇ ಇರಲಿಲ್ಲ.
ತಾರಸಿ ಗಟ್ಟಿಯಾಗುವ ತನಕ ಕೆಳಗೆ ನಿಂತ
ಸೆಂಟ್ರಿಂಗ್ ಹಲಗೆಯ ಹಾಗೆ.
‘ಮತ್ತೆ ಬೈತೀರಲ್ಲ? ಮರ್ಯಾದೆಯಿಂದ ಕಳಿಸಿಕೊಡಿ.’

ಸಾರಜನಕ ಹಾಯಿಸಿ ಸ್ವಿಚ್ ಒತ್ತಿದೆ.
ಮೀಟರು ಆರುನೂರ ಹದಿನೆಂಟರಲ್ಲೇ ತೂಕಡಿಸುತ್ತಿತ್ತು.
ಅಂತೋಣಪ್ಪ ಕೊಳವೆಯ ಬಾಯಿಗೆ ಕಣ್ಣಿಟ್ಟು,
‘ಸುಳ್ಳು ಹೇಳ್ತಿದೆ ಇದು. ಏಳುನೂರು ಬಂದಾಯ್ತು.
ಕಳಿತ ಮುರುಗಲ ಹಣ್ಣಿನ ಬಣ್ಣ, ನೋಡಿ.’
ಜಾರಿದ್ದ ಥರ್ಮೋಕಪಲ್ಲನ್ನು ಎರಡು ಬೆರಳು ಒಳಗೆ ತಳ್ಳಿದರು.
ಏಳುನೂರ ಮೂರು.

ಇಪ್ಪತ್ತು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ.
ಹೋಗುವ ಅಣುವಿಗೆ ಸದ್ದಿಲ್ಲ, ಹೊಗೆಯಿಲ್ಲ.
ಐದೂ ನಲವತ್ತರ ಬಸ್ಸಿಗೆ ಅವರು ಹೊರಟರು.

ರಾತ್ರಿ ಅವಗೆಂಪಿನ ನಕ್ಷೆಯಲ್ಲಿ
ಮೂರು ಸಾವಿರದ ನೂರ ಇಪ್ಪತ್ತೈದರ ಹತ್ತಿರ
ನೆಟ್ಟಗೆ ನಿಂತಿದ್ದ ಶಿಖರ ಕುಗ್ಗಿ ದಿಬ್ಬವಾಗಿತ್ತು.
ಮೆಗಾ ಓಮ್ ತೋರುತ್ತಿದ್ದ ಹರಳು
ಮೊದಲ ಸಲ ಕರೆಂಟಿಗೆ ಹೂಂಗುಟ್ಟಿತು.
ಫೋನು ಮಾಡಿದೆ.
‘ಹೋದ್ನಾ?’
‘ಮುಕ್ಕಾಲು ಪಾಲು.’
‘ಸಾಕು ಬಿಡಿ. ನಮ್ಮ ಉಕ್ಕಲ್ಲೂ ಚೂರು ಉಳೀತಿದ್ದ,
ಬಿರುಕು ಬಿಡದಷ್ಟು.’

ತಂತಿಗೆ ಮುನ್ನೂರ ನಲವತ್ತು ರೂಪಾಯಿ, ರಸೀದಿ ಇಲ್ಲ.
ಕಚೇರಿಯವರು ಕೇಳುತ್ತಿದ್ದಾರೆ
ಯಾವ ಲೆಕ್ಕಕ್ಕೆ ಬರೆಯಲಿ ಎಂದು.