ತೂಕಕ್ಕೆ ಬಾರದ ಮೀನು

ಮಂಗಳವಾರ, ಶುಕ್ರವಾರ ಮಾಕುಟ್ಟ ಘಾಟಿ ಹತ್ತಿ
ತಲಶ್ಶೇರಿಯ ಕಡಲು ವಿರಾಜಪೇಟೆಗೆ ಬರುತ್ತದೆ,
ಮೊಯ್ದು ಕಾಕನ ವ್ಯಾನಿನಲ್ಲಿ,
ಮತ್ತಿ ಬಂಗುಡೆಯ ಐಸು ಪೆಟ್ಟಿಗೆಗಳ ಹಿಂದೆ
ಎರಡು ನೀಲಿ ಕ್ಯಾನು.

ಒಂದು ಸಾರಿ ಕ್ಯಾನಿನ ಜೊತೆ ಕಲ್ಲೊಂದು ಬಂತು,
ಗೆದ್ದಲು ತಿಂದ ಕಂಬದ ಹಾಗೆ ತೂತು ತೂತು.
ಕ್ಲಿನಿಕ್ಕಿನ ಗಾಜಿನ ತೊಟ್ಟಿಗೆ ಇಳಿಸಿದೆ.
ಮೂರನೆಯ ದಿನ
ಒಂದು ತೂತಿಗೆ ಮುಖ ಮೂಡಿತು.

ದಪ್ಪ ತುಟಿ, ಕಣ್ಣ ಮೇಲೆ ಕವಲೊಡೆದ ಹುಬ್ಬು,
ಒಂದು ಕಣ್ಣು ನನ್ನ ಕಡೆ, ಇನ್ನೊಂದು
ಹಲ್ಲುನೋವಿನವರು ಕೂರುವ ಬೆಂಚಿನ ಕಡೆ.
'ಇದಕ್ಕೇನು ಹೆಸರು ಕಾಕಾ?'
'ತೂಕಕ್ಕೆ ಬಾರದ ಮೀನಿಗೆ ನಾವು ಹೆಸರಿಡೋದಿಲ್ಲ.'
ಡಾಕ್ಟರು ದೇಚಮ್ಮ ಪುಸ್ತಕ ಹುಡುಕಿ
ಬ್ಲೆನಿ ಅಂದರು. ಅದರ ಹಲ್ಲು ಬಾಚಣಿಗೆಯಂತೆ ಸಾಲಾಗಿದೆಯಂತೆ;
ಅದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಅಸೂಯೆ.

ಈಜು ಅಂದರೆ ಅದಕ್ಕೆ ಅಷ್ಟಕ್ಕಷ್ಟೆ.
ಹೊಟ್ಟೆಯಲ್ಲಿ ಗಾಳಿಚೀಲವಿಲ್ಲ, ತೇಲಲಾರದು.
ಬಾಲ ಕೊಂಕಿಸಿ ಕಲ್ಲಿಂದ ಕಲ್ಲಿಗೆ ನೆಗೆದು
ಎದೆಯಡಿಯ ಎರಡು ಕಡ್ಡಿರೆಕ್ಕೆ ಊರಿ
ಜಗಲಿ ಮೇಲೆ ಕೂತ ಯಜಮಾನನಂತೆ ಕೂರುತ್ತದೆ.
ಗಾಜಿನ ಪಾಚಿಯನ್ನು ಕೆರೆದು ತಿಂದಲ್ಲೆಲ್ಲ
ತುಟಿಯ ಗುರುತು. ಬೆಳಿಗ್ಗೆ ನಾನು ಒರೆಸಬೇಕು,
ಒರೆಸದೆ ಬಿಟ್ಟದ್ದೂ ಉಂಟು.
ಮನೆಗೆ ಹೋಗುವಾಗ ಮಾತ್ರ ಬಾಲವೇ ಮುಂದು,
ಘಾಟಿಯ ತಿರುವಿನಲ್ಲಿ ಜೀಪು ರಿವರ್ಸ್ ತೆಗೆದ ಹಾಗೆ
ಹಿಂದೆ ಹಿಂದೆ ಸರಿದು, ಮುಖವನ್ನು ಬಾಗಿಲಲ್ಲೇ ಬಿಟ್ಟು.

ಬಿಟ್ಟಂಗಾಲದ ಚೋಂದವ್ವನ ಹಲ್ಲುಸೆಟ್ಟು
ಎರಡು ವರ್ಷದಿಂದ ಕಪಾಟಿನಲ್ಲಿತ್ತು.
ಅರ್ಧ ದುಡ್ಡು ಕೊಟ್ಟು ಹೋದವರು ಬರಲೇ ಇಲ್ಲ.
ಒಂದು ಮಧ್ಯಾಹ್ನ ರೋಗಿಗಳಿರಲಿಲ್ಲ,
ಡಾಕ್ಟರು ಅದನ್ನು ತೊಳೆದು ತೊಟ್ಟಿಗೆ ಹಾಕಿದರು.
'ನೋಡೋಣ,' ಅಂದರು. ಏನು ನೋಡುವುದು, ಹೇಳಲಿಲ್ಲ.

ಅದೇ ರಾತ್ರಿ ಮೀನು ಕಲ್ಲು ಬಿಟ್ಟಿತು.
ಮೇಲಿನ ಸಾಲು, ಕೆಳಗಿನ ಸಾಲು, ನಡುವೆ ಅದು
ಏನೋ ಹೇಳಹೊರಟು ನಿಂತ ನಾಲಿಗೆ.
ಬೆಂಚಿನ ಮಕ್ಕಳು ಅಳು ಮರೆತರು.
ಒಬ್ಬ ದೊಡ್ಡವರು ಎದ್ದು ಹೋಗಿ ಮತ್ತೆ ಬರಲಿಲ್ಲ.

ಮಾರ್ಚಿನಲ್ಲಿ ಅದರ ಬಣ್ಣ ಕಪ್ಪಿಟ್ಟಿತು.
ಗುಲಾಬಿ ಅಂಗಳದ ಪಾಚಿಯನ್ನೆಲ್ಲ ಕೆರೆದು ಕೆರೆದು
ಕನ್ನಡಿ ಮಾಡಿ, ಒಳಗೆ ಸರಿದು, ಬಾಲ ಬೀಸತೊಡಗಿತು.
ಕಡಲಲ್ಲಾದರೆ ಹೆಣ್ಣು ಬಂದು
ಗೂಡಿನ ಗೋಡೆಗೆ ಮೊಟ್ಟೆ ಅಂಟಿಸಿ ಹೋಗುತ್ತದಂತೆ,
ಗಂಡು ನಿಲ್ಲುತ್ತದಂತೆ, ಮರಿ ಕಣ್ಣು ಬಿಡುವ ತನಕ
ಗಾಳಿ ಹಾಕುತ್ತ.
ಇಲ್ಲಿ ಎಲ್ಲಿಂದ ಬರಬೇಕು ಹೆಣ್ಣು?
ಅಷ್ಟು ಉದ್ದದ ಘಾಟಿ, ಚೆಕ್‌ಪೋಸ್ಟು ಬೇರೆ.
ಆದರೂ ಬೀಸಿತು. ಇಲ್ಲದ ಮೊಟ್ಟೆಗಳಿಗೆ
ಹದಿಮೂರು ದಿನ.
ನಾನು ಎಣಿಸಿದ್ದು ಯಾರಿಗೂ ಹೇಳಿಲ್ಲ.

ಮೊಯ್ದು ಕಾಕನನ್ನು ಕೇಳಿದೆ, ಇನ್ನೊಂದು ಸಿಕ್ಕೀತಾ?
'ಒಂದೇ ಒಂದು ಮೀನು ಹಿಡಿಯೋದು
ನಮಗೆ ಗೊತ್ತಿಲ್ಲ ಮೋಳೇ,' ಅಂದರು.

ಏಪ್ರಿಲಿನ ಸಂತೆ ದಿನ ಚೋಂದವ್ವ ಬಂದರು,
ತಲೆವಸ್ತ್ರ ಬಿಗಿದು, ಕೊಡೆ ಊರಿಕೊಂಡು.
'ನನ್ನ ಹಲ್ಲು ಎಲ್ಲಿ?'
ನನಗೆ ಬಾಯಿ ಬರಲಿಲ್ಲ, ಬೆರಳು ತೋರಿಸಿದೆ.
ಅವರು ಕನ್ನಡಕ ಏರಿಸಿ ತೊಟ್ಟಿಗೆ ಬಾಗಿದರು.
ಮೀನು ಹೊರಗೆ ಬಂದು ಮೊಣಕೈ ಊರಿ ಕೂತಿತು,
ಒಂದು ಕಣ್ಣು ಅವರ ಮೇಲೆ, ಇನ್ನೊಂದು ಕೊಡೆಯ ಮೇಲೆ,
ಬಾಯಿ ತೆರೆದು ಮುಚ್ಚಿತು.
ಚೋಂದವ್ವನೂ ತೆರೆದು ಮುಚ್ಚಿದರು.
ಬಹಳ ಹೊತ್ತು.

'ಕಡಂಬುಟ್ಟು ಒಸಡಿಗೇ ಮಣಿಯುತ್ತೆ ಮಗಳೇ.
ನಗೋದಕ್ಕೆ ಅಂತ ಮಾಡಿಸಿದ್ದು,
ಅಷ್ಟರಲ್ಲಿ ಮದುವೆ ನಿಂತು ಹೋಯ್ತು.'
ಯಾರ ಮದುವೆ, ಕೇಳಲಿಲ್ಲ ನಾನು.
'ಕೊಟ್ಟ ದುಡ್ಡು ಬಾಡಿಗೆ ಅಂತ ಬರೆದುಕೋ.'

ಕೊಡೆ ತಗೊಂಡು ಇಳಿದು ಹೋದರು.
ರಿಜಿಸ್ಟರು ತೆಗೆದೆ. ಯಾರ ಹೆಸರಿಗೆ ಬರೆಯಲಿ?
ತೊಟ್ಟಿಯಲ್ಲಿ ಅದು ಆಗಲೇ
ಬಾಲ ಮುಂದಾಗಿ
ಮನೆಗೆ ಹೊರಟಿತ್ತು.